ಎಡಗೆನ್ನೆಯ ಕೋವಿ

ಗೆಥಿನ್ ಎರಡು ವರ್ಷದಿಂದ ಪ್ರತಿ ಭಾನುವಾರ ಗುಡ್ಡದ ಮೇಲಿನ ಕ್ಲಬ್ಬಿಗೆ ಹೋಗಿ ಹಾರುವ ಮಣ್ಣಿನ ಬಿಲ್ಲೆಗಳನ್ನು ಹೊಡೆಯುತ್ತಿದ್ದ. ಹೊಡೆಯುತ್ತಿದ್ದ ಎನ್ನುವುದು ಅವನ ಮಾತು. ಬಿಲ್ಲೆಗಳನ್ನು ಕೇಳಿದರೆ ಕಥೆ ಬೇರೆ. ಇಪ್ಪತ್ತೈದರಲ್ಲಿ ಹದಿನೈದಾದರೂ ಮೈಗೆ ಗೀರೂ ತಾಗದೆ ಆಚೆಯ ಪೊದೆಗಳಲ್ಲಿ ಇಳಿದು ಹಾಯಾಗಿ ಮಲಗುತ್ತಿದ್ದವು. ವಾರದ ಉಳಿದ ದಿನಗಳಲ್ಲಿ ಅವನು ಬಿಲ್ತ್ ಊರಿನ ಪಶು ಆಹಾರದ ಗೋದಾಮಿನಲ್ಲಿ ಮೂಟೆ ಎತ್ತುತ್ತಿದ್ದ. ಮೂಟೆಗಳು ಹಾರುವುದಿಲ್ಲವಾದ್ದರಿಂದ ಆ ಕೆಲಸದಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು.

ಕೈಯಲ್ಲಿದ್ದದ್ದು ಕ್ಲಬ್ಬಿನ ಕೋವಿ. ಊರಿನವರೆಲ್ಲರ ಹೆಗಲು ಕಂಡದ್ದು, ಯಾರಿಗೂ ಒಗ್ಗದ್ದು. ಅವನ ಕಣ್ಣು ಮಾತ್ರ ನೆಸ್ಟಾ ಪ್ಯೂಳ ಜೋಡುನಳಿಗೆಯ ಮೇಲೆ.

ನೆಸ್ಟಾ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಆ ಕಣಿವೆಯ ಅರ್ಧ ಜನ ಅವಳ ಬಸ್ಸಿನಲ್ಲೇ ಜಗಳವಾಡಿ, ವಾಂತಿ ಮಾಡಿ ದೊಡ್ಡವರಾದವರು. ಗೆಥಿನ್ನನಿಗೆ ಎರಡರಲ್ಲೂ ಪಾಲಿತ್ತು. ಮದುವೆಯ ಗೋಜಿಗೆ ಅವಳು ಹೋಗಲಿಲ್ಲ. ನಲವತ್ತು ದಾಟಿದ ಮೇಲೆ ಒಂದು ಇಟಲಿಯ ಕೋವಿ ಮಾಡಿಸಿಕೊಂಡಳು, ಜಿಲ್ಲೆಯ ತಂಡಕ್ಕೆ ಆಡಿದಳು, ಗೆದ್ದ ಬಟ್ಟಲುಗಳಲ್ಲಿ ಈರುಳ್ಳಿ ಇಟ್ಟುಕೊಂಡಳು. ಬಸ್ಸಿನ ಬಾಗಿಲು ಹಾಕೋ ಎನ್ನುವ ದನಿಯಲ್ಲೇ ‘ಪುಲ್’ ಎನ್ನುವಳು. ಯಂತ್ರದಿಂದ ಬಿಲ್ಲೆ ಚಿಮ್ಮುವುದು. ಕೋವಿ ಅವಸರವಿಲ್ಲದೆ ಮೇಲೇಳುವುದು. ಬಿಲ್ಲೆಯಿದ್ದ ಜಾಗದಲ್ಲಿ ಒಂದು ಹಿಡಿ ಕಪ್ಪು ಹೊಗೆ.

ಆ ನಿಧಾನ ಕೋವಿಯಲ್ಲೇ ಇದೆ, ಕೊಂಡರೆ ಜೊತೆಗೇ ಬರುತ್ತದೆ ಎಂದು ಗೆಥಿನ್ ನಂಬಿದ್ದ. ಮೂಟೆ ಎತ್ತುವಾಗ, ಬ್ರೆಡ್ಡಿಗೆ ಬೆಣ್ಣೆ ಸವರುವಾಗ, ಮನಸ್ಸಿನಲ್ಲಿ ಆ ಕೋವಿ ಅವನ ಹೆಗಲಿಗೆ ಏರುತ್ತಿತ್ತು.

ಏಪ್ರಿಲ್‌ನಲ್ಲಿ ನೆಸ್ಟಾಳ ಕಣ್ಣಿನ ನಡುನೋಟಕ್ಕೇ ಮಂಜು ಕವಿಯಿತು. ಆಪರೇಷನ್ನಿಗೆ ಬಗ್ಗುವ ಮಂಜಲ್ಲ. “ಆಕಾಶ ಕಾಣುತ್ತೆ, ಬಿಲ್ಲೆ ಕಾಣಲ್ಲ,” ಎಂದಳು. “ಲೈಸೆನ್ಸು ಜೂನ್ ಕೊನೆಗೆ ಮುಗಿಯುತ್ತೆ, ಮತ್ತೆ ಮಾಡಿಸಲ್ಲ. ಅಷ್ಟರೊಳಗೆ ಕೋವಿ ಹೋಗ್ಬೇಕು.”

ಗೆಥಿನ್ ಮೋಟರ್‌ಸೈಕಲ್ ಮಾರಿ, ಬಸ್ಸಿನಲ್ಲಿ ಅವಳ ಮನೆಗೆ ಹೋದ.

ನೆಸ್ಟಾ ಅಡುಗೆಮನೆಯಲ್ಲಿ ಕೋವಿಯನ್ನು ಮಡಚಿ ತೆರೆದು, ಎರಡೂ ನಳಿಗೆಗಳಲ್ಲಿ ಬೆರಳಾಡಿಸಿ ಖಾಲಿ ಎಂದು ಖಚಿತಮಾಡಿಕೊಂಡು ಕೊಟ್ಟಳು. ಅವನೂ ಇಣುಕಿ ನೋಡಿ, ಅವಳಿಗೆ ತೋರಿಸಿದ. ಅಲ್ಲಿ ಇದನ್ನು ಮಾಡದವನಿಗೆ ಟೀ ಕೂಡ ಸಿಗುವುದಿಲ್ಲ.

“ಕಣ್ಣು ಮುಚ್ಚು. ಹೆಗಲಿಗೆ ತಗೋ. ಈಗ ಬಿಡು.”

ಕಣ್ಣು ಬಿಟ್ಟ. ನಳಿಗೆಯ ಮೇಲಿನ ಪಟ್ಟಿ ನೇರ ರಸ್ತೆಯಂತೆ ಕಾಣಬೇಕಿತ್ತು. ಅವನು ರಸ್ತೆಯ ಪಕ್ಕದ ಚರಂಡಿಯಲ್ಲಿ ನಿಂತ ಹಾಗಿತ್ತು. ಮೆಲ್ಲಗೆ, ಯಾರಿಗೂ ಗೊತ್ತಾಗದಂತೆ, ಕತ್ತನ್ನು ಬಲಕ್ಕೆ ಜರುಗಿಸಿದ. ನೆಸ್ಟಾ ಅವನ ಕತ್ತಿನ ಮೇಲೆ ಎರಡು ಬೆರಳಿಟ್ಟಳು.

“ಇದೇನು ಮರಿ, ಕತ್ತು ತೆವಳ್ತಾ ಇದೆ?”

“ಇಲ್ಲ ನೆಸ್ಟಾ, ಸರಿಯಾಗಿ ಕೂತಿದೆ. ಹೇಳಿ ಮಾಡಿಸಿದ ಹಾಗಿದೆ.”

“ಹೇಳಿ ಮಾಡಿಸಿದ್ದೇ. ನಂಗೆ. ಎಡ ಹೆಗಲಿಗೆ ಅಂತ ಹಿಂಬದಿ ಮರಾನ ಎಡಕ್ಕೆ ಬಾಗಿಸಿದಾರೆ. ಎರಡು ವರ್ಷ ನನ್ನ ಬೆನ್ನ ಹಿಂದೇನೇ ನಿಂತಿದ್ಯಲ್ಲೋ, ಯಾವ ಹೆಗಲು ಅಂತ ನೋಡ್ಲಿಲ್ವ?”

ಅದೊಂದನ್ನು ಬಿಟ್ಟು ಎಲ್ಲವನ್ನೂ ನೋಡಿದ್ದ. ಮನಸ್ಸು ಎರಡು ವರ್ಷ ಆ ಕೋವಿಯನ್ನು ತನ್ನ ಬಲ ಹೆಗಲಿಗೇ ಏರಿಸಿಕೊಂಡಿತ್ತು.

“ನೈಟನ್‌ನಲ್ಲಿ ಒಬ್ಬ ಇದಾನೆ, ಬಿಸಿ ಎಣ್ಣೆ ಹಾಕಿ ಮರ ಬಾಗಿಸ್ತಾನೆ. ಬೇಕಾದ್ರೆ ಹೇಳ್ತೀನಿ.”

ಗೆಥಿನ್ ಕೋವಿಯನ್ನು ತಿರುಗಿಸಿ ನೋಡಿದ. ಮರದ ಬಲಮಗ್ಗುಲಲ್ಲಿ ಅಂಗೈಯಗಲ ಹೊಳಪು ಸವೆದು ಬಿಳಿಚಿಕೊಂಡಿತ್ತು, ಇಪ್ಪತ್ತೈದು ವರ್ಷ ಅವಳ ಎಡಗೆನ್ನೆ ಒರಗಿದ ಜಾಗ. ಅವನ ಕೆನ್ನೆ ಒರಗುವ ಎಡಮಗ್ಗುಲು ಅಂಗಡಿಯಿಂದ ಈಗ ತಂದಂತೆ ನುಣ್ಣಗಿತ್ತು.

“ಅದನ್ನ ಬಾಗಿಸೋದು ಬೇಡ. ನಾನೇ ಬಾಗ್ತೀನಿ.”

ನೆಸ್ಟಾ ನಕ್ಕಳು. ಆದರೂ ಪ್ರತಿ ಭಾನುವಾರ ಕೋವಿ ತಂದು, ಪಕ್ಕದಲ್ಲಿ ನಿಂತು, ಅವನ ಎಡ ಹೆಗಲಿಗೆ ಕೊಟ್ಟಳು. ಮೊದಲ ವಾರ ನಾಲ್ಕು ಬಿಲ್ಲೆ ಒಡೆದವು, ಆಮೇಲೆ ಆರು. ಅಂಕ ಬರೆಯುವ ಇಡ್ವಲ್ ಪ್ರತಿ ವಾರ ಕೇಳುವುದು ಒಂದೇ: “ಗೆಥಿನ್, ಇವತ್ತು ಯಾವ ಕಡೆಯಿಂದ ತಪ್ಪಿಸ್ತೀಯಪ್ಪ?” ಅವನು ಎಡಗೈಯಲ್ಲಿ ಹಲ್ಲುಜ್ಜಿದ, ಎಡಗೈಯಲ್ಲಿ ಚಮಚ ಹಿಡಿದ. ಒಸಡಿನಲ್ಲಿ ರಕ್ತ ಬಂತು, ಅಂಗಿಯ ಮೇಲೆ ಸೂಪು ಚೆಲ್ಲಿತು.

ಜೂನ್‌ನ ಕೊನೆಯ ಭಾನುವಾರ ಒಂಬತ್ತು ಒಡೆದವು. ಅಂದೇ ಬ್ರೆಕನ್‌ನಿಂದ ರೋವೆನಾ ಎಂಬ ದನದ ಡಾಕ್ಟರು ಬಂದಳು. ಕ್ಲಬ್ಬಿನ ಬೋರ್ಡಿನಲ್ಲಿ ನೆಸ್ಟಾ ಅಂಟಿಸಿದ್ದ ಮಾರಾಟದ ಚೀಟಿ ನೋಡಿದ್ದಳಂತೆ. ಎಡಗೈಯವಳು.

ನೆಸ್ಟಾ ಗೆಥಿನ್ನನನ್ನು ಪಕ್ಕಕ್ಕೆ ಕರೆದಳು. “ನೋಡು ಮರಿ, ಕೋವಿ ಕಪಾಟಲ್ಲಿ ಮಲಗಬಾರದು. ಇವಳಿಗೆ ಕೂತ್ರೆ ಇವಳಿಗೆ. ಇಲ್ದಿದ್ರೆ ನಿಂಗೇ ಕೊಡ್ತೀನಿ, ಒಂಬತ್ತಾದ್ರೂ ಹೊಡಿ, ತೊಂಬತ್ತಾದ್ರೂ ಹೊಡಿ. ಎದುರಿಗೆ ನಿಂತು ಅವಳ ಕಣ್ಣು ಪಟ್ಟಿ ನೇರಕ್ಕೆ ಬರುತ್ತಾ ನೋಡಿ ಹೇಳ್ಬೇಕು, ನಂಗೆ ಕಾಣಲ್ಲ. ನೀನು ಹೇಳು.”

“ನಾನಾ?”

“ಮತ್ತೆ ಇಡ್ವಲ್‌ಗೆ ಹೇಳ್ಲಾ? ಅವನಿಗೆ ಲೆಕ್ಕಾನೇ ಬರಲ್ಲ.”

ಮೂವರೂ ನಳಿಗೆಗಳಲ್ಲಿ ಇಣುಕಿದರು, ಖಾಲಿ. ಗೆಥಿನ್ ನಾಲ್ಕು ಮಾರು ದೂರ ನಿಂತ. ರೋವೆನಾ ಕಣ್ಣು ಮುಚ್ಚಿ ಕೋವಿಯನ್ನು ಅವನ ಮುಖದತ್ತ ಎತ್ತಿದಳು. ಅವಸರವಿಲ್ಲದೆ ಎತ್ತಿದಳು. ಎಡಗೆನ್ನೆ ತಡಕಾಡದೆ ಆ ಬಿಳಿಚಿದ ಜಾಗಕ್ಕೆ ಹೋಗಿ ಒರಗಿತು.

ಅವಳು ಕಣ್ಣು ಬಿಟ್ಟಳು. ಪಟ್ಟಿಯ ತುದಿಯಲ್ಲಿ, ಸರಿಯಾಗಿ ನಡುವೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಒಂದು ಕಂದು ಕಣ್ಣು.

“ಏನಂತೀಯೋ?” ನೆಸ್ಟಾ ಕೇಳಿದಳು. ಅವಳ ಮುಖ ಅವನತ್ತ ಇತ್ತು, ನೋಟ ಮಾತ್ರ ಅವನ ಕಿವಿಯ ಪಕ್ಕದಿಂದ ಎಲ್ಲೋ ಹೋಗುತ್ತಿತ್ತು. ಸ್ವಲ್ಪ ಎಡಕ್ಕಿದೆ ಎಂದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

“ಕೂತಿದೆ,” ಎಂದ. “ಸರಿಯಾಗಿ ಕೂತಿದೆ.”

ನೆಸ್ಟಾ ತಲೆಯಾಡಿಸಿದಳು. ಕ್ಲಬ್ಬಿನೊಳಗೆ ಹೋಗಿ, ರೋವೆನಾಳ ಲೈಸೆನ್ಸನ್ನು ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು, ಮೂಗು ಕಾಗದಕ್ಕೆ ತಾಗುವಂತೆ ಬಗ್ಗಿದಳು. ಕೊಳ್ಳುವವರ ಲೈಸೆನ್ಸಿನಲ್ಲಿ ಕೋವಿಯ ವಿವರ ಮಾರುವವರೇ ಬರೆಯಬೇಕು. “ಕೋವಿಯ ನಂಬರು ಓದಿ ಹೇಳೋ.”

ಕೋವಿ ರೋವೆನಾಳ ಕೈಯಲ್ಲಿತ್ತು. ಗೆಥಿನ್ ಕಿಟಕಿಯಾಚೆ ಗುಡ್ಡ ನೋಡುತ್ತ ಆರು ಅಂಕಿಗಳನ್ನೂ ಒಂದೊಂದಾಗಿ ಹೇಳಿದ.

ರೋವೆನಾ ಕೋವಿ ತಿರುಗಿಸಿ ಹೋಲಿಸಿ ನೋಡಿ, “ಸರಿಯಾಗಿದೆ,” ಎಂದಳು.

ನೆಸ್ಟಾಳ ಪೆನ್ನು ಕೊನೆಯ ಅಂಕಿಯ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಅವಳು ಸಹಿ ಹಾಕಿದಳು.