ಭಾವನ ಹಲ್ಲು

ಕ್ಯಾನ್ಸರ್ ಗೆದ್ದು ಬಂದವನ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎಂಬುದು ಸರ್ವೋತ್ತಮರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹೊಟ್ಟೆ ಕೇಳಬೇಕಲ್ಲ! ಭಾವ ಕಿಟ್ಟು ಬಾಯ್ತುಂಬ ನಕ್ಕಾಗಲೆಲ್ಲ ಅದು ಒಲೆಯ ಮೇಲಿಟ್ಟ ಬಾಣಲೆಯ ಹಾಗೆ ಕಾಯುತ್ತಿತ್ತು.

ಕಿಟ್ಟು ಎಂದರೆ ಹೆಂಡತಿ ಜಯಲತಾಳ ಅಣ್ಣ. ವಾಶಿಯ ಹೋಟೆಲಿನಲ್ಲಿ ಸರ್ವೋತ್ತಮರ ಪಾಲುದಾರ. ದೀಪಾವಳಿಗೆ ಆ ಹೋಟೆಲಿನ ಚಕ್ಕುಲಿ ದೂರದ ಕಾಮೋಠೆಯವರೆಗೂ ಹೋಗುತ್ತದೆ. ಮೊದಲು ಕರಿದ ಚಕ್ಕುಲಿಯನ್ನು ಬಾಣಲೆಯ ಪಕ್ಕದ ಸ್ಟೂಲಿನಲ್ಲಿ ಕೂತು ಕಿಟ್ಟು ಕಡಿಯಬೇಕು, ತಲೆಯಾಡಿಸಬೇಕು. ಆಮೇಲಷ್ಟೇ ಅಡುಗೆಯ ಪುಂಡರೀಕಾಕ್ಷ ಭಟ್ಟರು ಉಳಿದ ಹಿಟ್ಟು ಒತ್ತುವುದು. ಕಿಟ್ಟುವಿಗೆ ಬಾಯಿಯ ಕ್ಯಾನ್ಸರ್ ಆಗಿ, ಹಲ್ಲಿನ ಸಮೇತ ಕೆಳದವಡೆಯೇ ಅರ್ಧ ಹೋದ ಮೇಲೆ ಸ್ಟೂಲು ಸರ್ವೋತ್ತಮರಿಗೆ ಬಂತು. ಆಸ್ಪತ್ರೆಗೆ ಓಡಾಡಿದ್ದೂ ಅವರೇ, ಕದ್ದು ಅತ್ತದ್ದೂ ಅವರೇ. ಆದರೂ ಭಟ್ಟರು ಸೌಟು ಹಿಡಿದು "ಹೇಗುಂಟು ಧಣಿಗಳೇ?" ಎಂದು ಮುಖ ನೋಡಿದಾಗ ಒಳಗೆ ಏನೋ ಅರಳುತ್ತಿತ್ತು. ಸರ್ವೋತ್ತಮರದು ತೆಗೆದಿಟ್ಟು ಹಾಕಿಕೊಳ್ಳುವ ಹಲ್ಲಿನ ಸೆಟ್ಟು, ಕಡಿದರೆ ಜಾರುತ್ತಿತ್ತು. ಹಾಗಾಗಿ ಚೂರು ಮುರಿದು ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದರು.

ಈಗ ನೋಡಿದರೆ ಡಾಕ್ಟರರು ಕಿಟ್ಟುವಿನ ಕಾಲಿನ ಎಲುಬು ತೆಗೆದು ದವಡೆ ಕಟ್ಟಿ, ಅದಕ್ಕೆ ಸ್ಕ್ರೂ ಕೂರಿಸಿ, ಮೇಲೆ ಗಟ್ಟಿ ಹಲ್ಲು ನಿಲ್ಲಿಸಿದ್ದರು. ಅಲುಗಾಡುವ ಮಾತೇ ಇಲ್ಲ.

"ಕಿಟ್ಟಣ್ಣನ ಹಲ್ಲು ನೋಡಿದ್ರಾ? ಮುತ್ತು!" ಎಂದಳು ಜಯಲತಾ.

"ಕಾಲಿನ ಎಲುಬಲ್ವಾ? ಇನ್ನು ನಿನ್ನಣ್ಣ ಬಾಯಿ ಬಿಟ್ರೆ ಒದ್ದ ಹಾಗೇ."

"ನಿಮಗೆಂತ, ಹೊಟ್ಟೆಕಿಚ್ಚಾ?"

"ನನಗಾ? ಛೇ!" ಎನ್ನುವಷ್ಟರಲ್ಲಿ ಸೆಟ್ಟು ಕೆಳಗಿಳಿಯಿತು.

ದೀಪಾವಳಿಯ ಹಿಂದಿನ ವಾರ ಕಿಟ್ಟು ನೀರಿನ ಬಾಟಲಿ ಹಿಡಿದು ಅಡುಗೆಮನೆಗೆ ಬಂದ, ಹಿಂದೆಯೇ ಜಯಲತಾ. ಭಟ್ಟರು ಹೆಗಲ ಮೇಲಿನ ಬೈರಾಸಿನಿಂದ ಸ್ಟೂಲು ಒರೆಸಿದರು. ಅದರ ಮೇಲೆ ಸರ್ವೋತ್ತಮರು ಕೂತಿದ್ದಾರೆ ಎಂಬುದನ್ನೂ ಗಮನಿಸದೆ ಸುತ್ತಲೂ ಒರೆಸಿದರು. ಸರ್ವೋತ್ತಮರು ಎದ್ದರು.

"ನೀವೇ ಕೂತ್ಕೊಳ್ಳಿ ಭಾವ," ಎಂದ ಕಿಟ್ಟು.

"ನಿಮ್ಮ ಜಾಗ ಅಲ್ವಾ ಮಾರಾಯ್ರೆ," ಎಂದರು ಸರ್ವೋತ್ತಮರು. ಬಾಯಿ ಅಂದಿತು, ಕಾಲು ಒಪ್ಪಲಿಲ್ಲ. ಅಲ್ಲೇ ಅಂಟಿಕೊಂಡು ನಿಂತರು.

ಡಾಕ್ಟರು ಹೇಳಿದ ಪ್ರಕಾರ ಕಿಟ್ಟು ಮೊದಲ ಚಕ್ಕುಲಿಯನ್ನು ಸಣ್ಣ ತುಂಡು ಮಾಡಿ ಕಡಿದ. ಕಟಕ್! "ಕ್ಯಾ ಬಾತ್ ಹೈ, ಮಾಮಾ!" ಎಂದು ಸರ್ವೋತ್ತಮರ ಸ್ವಂತ ಮಗ ಕೌಶಲ್ ಚಪ್ಪಾಳೆ ತಟ್ಟಿದ. ಅಪ್ಪನ ನಾಲಿಗೆಗೆ ಅವನು ಎಂದೂ ತಟ್ಟಿದ್ದಿಲ್ಲ.

ಕಿಟ್ಟು ತಲೆಯಾಡಿಸಲಿಲ್ಲ. ನೀರು ಕುಡಿಯುವ ನೆಪದಲ್ಲಿ ಈ ಕಡೆ ಬಾಗಿ ಪಿಸುಗುಟ್ಟಿದ: "ಭಾವ, ಉಪ್ಪು ಉಂಟಾ? ರೇಡಿಯೇಶನ್ ಕೊಟ್ಟ ಮೇಲೆ ಬಾಯಲ್ಲಿ ನೀರೂ ಇಲ್ಲ, ರುಚಿಯೂ ಇಲ್ಲ. ಹಲಗೆ ಕಡಿದ ಹಾಗೆ. ಲತಾಗೆ ಹೇಳ್ಬೇಡಿ."

ಸರ್ವೋತ್ತಮರಿಗೆ ಮೊದಲು ಆದದ್ದು ಸಂತೋಷ. ನಾಚಿಕೆ ಬಂದದ್ದು ಅದರ ಹಿಂದೆಯೇ, ಆದರೆ ಹಿಂದೆಯೇ, ಮೊದಲಲ್ಲ.

ಚೂರು ನಾಲಿಗೆಯ ಮೇಲಿಟ್ಟುಕೊಂಡರು. ಸಪ್ಪೆ. ಕಿಟ್ಟುವಿಗೆ 'ಫಸ್ಟ್ ಕ್ಲಾಸ್' ಎಂದು ಸುಳ್ಳು ಹೇಳಿದರೆ ಸಾಕು, ನಾಳೆ ಗಿರಾಕಿಗಳೇ ಕಿಟ್ಟುವನ್ನು ಸ್ಟೂಲಿನಿಂದ ಇಳಿಸುತ್ತಾರೆ. ಭಟ್ಟರು ಚಕ್ಕುಲಿ ಒತ್ತುವ ಒರಳು ಹಿಡಿದು ಕಾಯುತ್ತಿದ್ದರು. ಕಿಟ್ಟು ಬಾಟಲಿಯ ಮುಚ್ಚಳ ತಿರುಗಿಸುತ್ತ ಈ ಕಡೆಯೇ ನೋಡುತ್ತಿದ್ದ.

"ಉಪ್ಪು ಕಮ್ಮಿ," ಎಂದು ಹಲ್ಲುಕಚ್ಚಿ, ಅವನಿಗಷ್ಟೇ ಕೇಳುವಂತೆ ಗೊಣಗಿದರು. "ಓಮವೂ ಸಾಲದು."

"ಭಟ್ರೇ, ಉಪ್ಪು ಕಮ್ಮಿ! ಓಮವೂ ಸಾಲದು!" ಎಂದು ಕಿಟ್ಟು ಸಾರಿದ.

ಜಯಲತಾ ಒಂದು ಬಾಯಿಗೆ ಹಾಕಿಕೊಂಡು "ಹೌದಲ್ವಾ!" ಎಂದು ಕಣ್ಣೊರೆಸಿಕೊಂಡಳು. ಭಟ್ಟರು ಕೈಮುಗಿದರು. "ಅಂಥ ರೋಗ ಬಂದು ಹೋದ್ರೂ ನಾಲಿಗೆ ನೋಡಿ! ಇಷ್ಟು ದಿನ ನಮಗೆ ಹೀಗೆ ಹೇಳುವವರೇ ಇರ್ಲಿಲ್ಲ."

ಸರ್ವೋತ್ತಮರು ಗಲ್ಲಾದ ಹತ್ತಿರವಿದ್ದ ಇನ್ನೊಂದು ಸ್ಟೂಲನ್ನು ದರದರ ಎಳೆದು ತಂದು ಕಿಟ್ಟುವಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು.

ಎರಡನೆಯ ಸಲ ಕರಿದದ್ದು ಬಂತು. "ಈಗ ಸರಿ ಆಯ್ತಾ ಭಾವ?" ಎಂದು ಕಿಟ್ಟು ಪಿಸುಗುಟ್ಟಿದ.

"ಮೊದ್ಲು ಕಡೀರಿ ಮಾರಾಯ್ರೆ," ಎಂದರು ಸರ್ವೋತ್ತಮರು. "ಹೇಗೂ ಚಪ್ಪಾಳೆ ನಿಮಗೇ. ಉಪ್ಪು ಆಮೇಲೆ ಹೇಳ್ತೇನೆ."