ಗಿಟಾರಿನ ನಡುವೆ ಎರಡು ಚಹಾ

ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನ ಕೆಳಗಿರುವ ಉಡುಪಿ ಹೋಟೆಲಿನಲ್ಲಿ ನೆರೆಮನೆಯ ಅಂಕಲ್ ಸಪ್ಲೈಯರ್. ಗಿರಾಕಿ ಪಿಸುಗುಟ್ಟಿದ್ದನ್ನೂ ಅಡುಗೆಮನೆಗೆ ಕೂಗಿ ಮುಟ್ಟಿಸುವ ಗಂಟಲು. ರಾಕ್ ಸಂಗೀತವೆಂದರೆ ಪ್ರಾಣ. ಕಾನ್ಸರ್ಟಿಗೆ ಹೋದರೆ ಕಿಸೆಯಲ್ಲಿ ರೆಕಾರ್ಡರ್, ಬಾಯಲ್ಲಿ ಒಂದೇ ಮಾತು: "ಶ್, ರೆಕಾರ್ಡ್ ಆಗ್ತಾ ಉಂಟು."

ನಾವಿಬ್ಬರೂ ಒಟ್ಟಿಗೆ ಹೋದ ಮೂರನೆಯ ಕಾನ್ಸರ್ಟ್ ಅದು, ಶನಿವಾರ ಸಂಜೆ. ಅವರು ಹರೆಯದಿಂದ ಕೇಳುತ್ತ ಬಂದ ಬ್ಯಾಂಡಿನ ಮುದುಕರು ಸ್ಟೇಡಿಯಂಗೆ ಬಂದಿದ್ದರು. ಜೊತೆಗೆ ಬರಲಾಗದ ಹೆಂಡತಿಗಾಗಿ ಆಂಟಿಯ ಮೆಚ್ಚಿನ ಹಾಡನ್ನಾದರೂ ಚೊಕ್ಕವಾಗಿ ಹಿಡಿಯಬೇಕೆಂದು ಅಂಕಲ್ ಹಟ. ಆ ಹಾಡಿನಲ್ಲಿ ಗಿಟಾರ್ ಮೆಲ್ಲಗಾದಾಗ ಹಿಂದಿನ ಸಾಲಿನವನೊಬ್ಬ ಚಹಾದವನನ್ನು ಕರೆದ: "ಭಯ್ಯಾ, ದೋ ಚಾಯ್!"

"ದೋ ಚಾಯ್!" ಅಭ್ಯಾಸಬಲದಿಂದ ಇವರೂ ಗಟ್ಟಿಯಾಗಿ ಕೂಗಿಬಿಟ್ಟರು.

ಮರುದಿನ ಆ ರೆಕಾರ್ಡಿಂಗ್ ಕೇಳಿದ ಆಂಟಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಅಷ್ಟು ಭಾಗ ಕಟ್ ಮಾಡಿ ಕೊಡ್ಲಾ ಅಂಕಲ್?" ಎಂದೆ.

"ಬೇಡ ಮಾರಾಯ. ಹಾಡು ಬಿಟ್ಟು ಅದನ್ನೇ ಮತ್ತೆ ಮತ್ತೆ ಹಾಕಿ ಕೇಳ್ತಾಳೆ ಅವಳು."