ಸಿದ್ದಗಂಗಮ್ಮನ ಕೊಟ್ಟಿಗೆ ಅಂಗಡಿಯಾದ ವರ್ಷ

ಹೆಬ್ಬೂರು ದಾಟಿ ಕುಣಿಗಲ್ ಕಡೆಗೆ ಎರಡು ಮೈಲಿ ಹೋದರೆ ರಸ್ತೆಯ ಎಡಗಡೆ ಅಂಜಿನಪ್ಪನ ನರ್ಸರಿ ಸಿಗುತ್ತಿತ್ತು. ಬೋರ್ಡಿನಲ್ಲಿ ಅಂಜಿನಪ್ಪನ ಹೆಸರಿದ್ದರೂ ಗಿರಾಕಿಗಳು ಕೇಳಿಕೊಂಡು ಬರುತ್ತಿದ್ದುದು ಅವನ ಹೆಂಡತಿ ಸಿದ್ದಗಂಗಮ್ಮನನ್ನು. ಆಕೆ ಕೈಯಾರೆ ಕೊಟ್ಟ ತೆಂಗಿನ ಸಸಿ ಸಾಯುವುದಿಲ್ಲ ಎಂಬ ಮಾತು ಗುಬ್ಬಿಯವರೆಗೂ ಹೋಗಿತ್ತು. ಕೈಗುಣ ಎಂದರೆ ಹಾಗೆ. ಒಮ್ಮೆ ಹೆಸರು ಬಂದರೆ ಆಮೇಲೆ ಸತ್ತ ಸಸಿಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಸಿದ್ದಗಂಗಮ್ಮನಿಗೆ ಮಾತ್ರ ಈ ಕೈಗುಣದಲ್ಲಿ ಚೂರೂ ನಂಬಿಕೆ ಇರಲಿಲ್ಲ. ಗುಣವೇನಾದರೂ ಇದ್ದರೆ ಅದು ಕೊಟ್ಟಿಗೆ ಗೊಬ್ಬರದ್ದು ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳುತ್ತಿದ್ದಳು. ಹೇಳಿದಷ್ಟೂ ಜನ ಅದನ್ನು ಆಕೆಯ ದೊಡ್ಡತನ ಅಂದುಕೊಂಡು ಇನ್ನೆರಡು ಸಸಿ ಹೆಚ್ಚಿಗೆ ಒಯ್ಯುತ್ತಿದ್ದರು.

ಆ ಕೊಟ್ಟಿಗೆ ಇದ್ದದ್ದು ರಸ್ತೆಗೇ ಮುಖ ಮಾಡಿ. ಎಂಟು ಕಲ್ಲುಕಂಬ, ಮಂಗಳೂರು ಹೆಂಚು, ಸೊಂಟದೆತ್ತರದ ಮಣ್ಣಿನ ಗೋಡೆ. ಅಂಜಿನಪ್ಪ ಅದನ್ನು ಕಟ್ಟಿಸಿದ್ದು ಮದುವೆಯಾದ ಮೂರನೇ ವರ್ಷ. ಮನೆಯನ್ನು ಆಮೇಲೆ ಅದರ ಹಿಂದೆ ಕಟ್ಟಿಸಿದ. ಇಪ್ಪತ್ತೈದು ವರ್ಷ ಸಿದ್ದಗಂಗಮ್ಮನ ದರ್ಬಾರು ನಡೆದದ್ದು ಅಲ್ಲೇ. ಗಿರಾಕಿ ಹೊರಗೆ ನಿಲ್ಲಬೇಕು, ಆಕೆ ಸಗಣಿ ಬಾಚುತ್ತಲೇ ಒಳಗಿನಿಂದ ವಿಚಾರಿಸಬೇಕು. ಗುಂಡಿ ಎಷ್ಟು ಆಳ ತೆಗೆದಿದ್ದೀಯ ಎಂದು ಕೇಳಿ, ಮೂರಡಿಗಿಂತ ಕಡಿಮೆ ಅಂದರೆ ಸಸಿ ಕೊಡದೆ ವಾಪಸು ಕಳಿಸುತ್ತಿದ್ದಳು. ವ್ಯಾಪಾರಕ್ಕೆ ಬಂದವರನ್ನು ಬೈದು ಕಳಿಸುವ ನರ್ಸರಿ ತುಮಕೂರು ಸುತ್ತಮುತ್ತ ಇನ್ನೊಂದು ಇರಲಿಲ್ಲ. ಬೈಸಿಕೊಂಡವರು ಗುಂಡಿ ತೋಡಿ ಮತ್ತೆ ಬರುತ್ತಿದ್ದರು.

ಎರಡು ಸಾವಿರದ ಮೂರರಲ್ಲಿ ಮಗ ದಯಾನಂದನಿಗೆ ಮದುವೆಯಾಗಿ ತುಮಕೂರು ಸಿಟಿಯ ತ್ರಿವೇಣಿ ಈ ಮನೆಗೆ ಸೊಸೆಯಾಗಿ ಬಂದಳು. ಬಿ.ಎಸ್ಸಿ. ಓದಿದ ಹುಡುಗಿ. ಭಾನುವಾರ, ಸೋಮವಾರ ಯಡಿಯೂರಿನ ದೇವಸ್ಥಾನಕ್ಕೆ ಹೋಗಿಬರುವ ಕಾರುಗಳು ನರ್ಸರಿ ನೋಡಿ ನಿಧಾನ ಮಾಡುವುದನ್ನೂ, ಕೊಟ್ಟಿಗೆ ನೋಡಿ ಮುಂದೆ ಹೋಗುವುದನ್ನೂ ಆಕೆ ಬಂದ ಹೊಸತರಲ್ಲೇ ಗಮನಿಸಿದಳು. ನಿಂತ ಒಂದು ಕಾರಿನಿಂದ ಇಳಿದ ರೇಷ್ಮೆ ಸೀರೆಯ ಹೆಂಗಸಿನ ಕೆನ್ನೆಗೆ ಹಸು ಬಾಲದಲ್ಲಿ ಬಾರಿಸಿತು. ಆ ಹೆಂಗಸು ಗುಲಾಬಿ ಕೊಳ್ಳದೆ ಹೋದಳು. ಜಮೀನಿನಲ್ಲೇ ಒಳ್ಳೆಯ ಜಾಗ ದನಗಳ ಪಾಲಾಗಿದೆ, ಅಲ್ಲೊಂದು ಅಂಗಡಿ ಮಾಡಿದರೆ ಕುಂಡ, ಬೀಜ, ಹೂವಿನ ಗಿಡ ಎಲ್ಲ ಇಡಬಹುದು ಎಂದು ಅವಳು ಗಂಡನಿಗೆ ಹೇಳಿದಳು. ಗಂಡ ಅಪ್ಪನಿಗೆ ಹೇಳಿದ. ಅಂಜಿನಪ್ಪ ಹೆಂಡತಿಗೆ ಹೇಳಲಿಲ್ಲ. ಒಂದು ತಿಂಗಳು ನೀನು ಹೇಳು, ನೀನೇ ಹೇಳು ಎಂದು ಆದಮೇಲೆ ಮೂವರೂ ಒಟ್ಟಿಗೆ ಹೋಗಿ, ಹಾಲು ಕರೆಯುತ್ತಿದ್ದ ಆಕೆಯ ಮುಂದೆ ಸಾಲಾಗಿ ನಿಂತರು.

“ಯಾರಾದ್ರೂ ಹೋಗ್ಬಿಟ್ರಾ?” ಎಂದಳು ಸಿದ್ದಗಂಗಮ್ಮ.

ಅಂಜಿನಪ್ಪ ವಿಷಯ ಹೇಳಿದ. ಆಕೆ ಕೊನೆಯ ಹನಿಯವರೆಗೂ ಕರೆದು, ಚೊಂಬನ್ನು ಪಕ್ಕಕ್ಕಿಟ್ಟು, ದನಗಳನ್ನು ಮಾರಿ ಎಂದಳು. ಅಷ್ಟೇ. ಜಗಳಕ್ಕೆ ಸಿದ್ಧರಾಗಿ ಬಂದಿದ್ದ ಮೂವರೂ ಒಬ್ಬರ ಹಿಂದೆ ಒಬ್ಬರು ವಾಪಸು ಹೋದರು.

ನಿಜ ಹೇಳಬೇಕೆಂದರೆ ಸಿದ್ದಗಂಗಮ್ಮನಿಗೆ ಮಂಡಿ ಹೋಗಿ ಎರಡು ವರ್ಷವಾಗಿತ್ತು. ಕುಕ್ಕರಗಾಲಲ್ಲಿ ಕೂತು ಕರೆಯುವುದು ಹೇಗೋ ನಡೆಯುತ್ತಿತ್ತು, ಏಳುವುದು ಆಗುತ್ತಿರಲಿಲ್ಲ. ಯಾರಾದರೂ ನೋಡುತ್ತಿದ್ದರೆ ಕೆಚ್ಚಲಿಗೆ ಏನೋ ಆಗಿದೆ ಎಂಬಂತೆ ಮುಟ್ಟಿ ಮುಟ್ಟಿ ನೋಡುತ್ತಾ, ಅವರು ಹೋಗುವವರೆಗೂ ಕೂತಿರುತ್ತಿದ್ದಳು. ಬಾಯಿ ಬಿಟ್ಟರೆ ಹಾಲು ಕರೆಯಲು ಬೇರೆಯವರನ್ನು ಇಡುತ್ತಾರೆ. ತನ್ನ ಹಸುವಿನ ಕೆಚ್ಚಲಿಗೆ ಕಂಡವರು ಕೈ ಹಾಕುವುದು ಆಕೆಗೆ ಆಗದ ಮಾತು. ಹಾಗಾಗಿ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುವ ಹಾಗೆ ಅಂಗಡಿಯ ಮಾತು ಬಂದಿತ್ತು. ಆದರೆ ನಗುನಗುತ್ತಾ ಒಪ್ಪಿಕೊಂಡರೆ ಒಪ್ಪಿದ್ದಕ್ಕೆ ಬೆಲೆ ಎಲ್ಲಿ ಬಂತು? ಆಕೆ ಮುಖ ಗಂಟಿಕ್ಕಿಕೊಂಡು ಒಪ್ಪಿದಳು. ಇಡೀ ಮನೆ ತಪ್ಪು ಮಾಡಿದವರ ಹಾಗೆ ಓಡಾಡತೊಡಗಿತು. ಮೊದಲ ಕಾಫಿ ಆಕೆಗೆ ಬರುತ್ತಿತ್ತು. ಬಿಸಿ ದೋಸೆ ಆಕೆಗೆ ಬರುತ್ತಿತ್ತು. ಇದು ಕೆಟ್ಟದ್ದೇನೂ ಅಲ್ಲ ಎಂದು ಆಕೆಗೆ ಅನ್ನಿಸಿತು.

ಆದರೆ ಎಲ್ಲವೂ ನಾಟಕವಾಗಿರಲಿಲ್ಲ. ಎರಡು ಹಸುಗಳನ್ನು ದಲ್ಲಾಳಿ ಹೊಡೆದುಕೊಂಡು ಹೋದಾಗ ಆಕೆ ತಲೆಯೆತ್ತಿ ನೋಡಲಿಲ್ಲ. ಕೊನೆಯದು ಕೆಂದಿ. ಹುಟ್ಟಿದ್ದೇ ಆ ಕೊಟ್ಟಿಗೆಯಲ್ಲಿ, ಆಕೆಯ ಕೈಯಲ್ಲೇ ಬೆಳೆದದ್ದು, ಗಬ್ಬವಾಗಿತ್ತು. ಅದನ್ನು ಹೆಬ್ಬೂರಿನ ಪರಿಚಯದ ರೇವಮ್ಮನಿಗೆ ಕೊಟ್ಟರು. ಕೆಂದಿ ರಸ್ತೆಯ ತಿರುವಿನಲ್ಲಿ ಮರೆಯಾದಾಗ ಸಿದ್ದಗಂಗಮ್ಮ ಅದರ ಖಾಲಿ ಗೂಟದ ಹತ್ತಿರ ಹೋಗಿ ನಿಂತಳು. ಆ ಸಂಕಟದಲ್ಲೇ ಆಕೆ ಎರಡು ತೀರ್ಮಾನ ಮಾಡಿದಳು. ಒಂದು, ಅಂಗಡಿಯ ಹೊಸ್ತಿಲು ತುಳಿಯುವುದಿಲ್ಲ. ಇನ್ನೊಂದು, ಕೆಂದಿ ತಾನಾಗಿ ತಪ್ಪಿಸಿಕೊಂಡು ಬಂದರೆ ಅಂಗಡಿ ಇರಲಿ ಬಿಡಲಿ, ಅಲ್ಲೇ ಕಟ್ಟುವುದು. ಆಕೆಯ ತವರಿನವರು ಗುಬ್ಬಿ ಸಂತೆಯಲ್ಲಿ ಮಾರಿದ ಎತ್ತು ಮೂರನೇ ದಿನ ಬಾಗಿಲಲ್ಲಿ ನಿಂತಿತ್ತಂತೆ. ಹೆಬ್ಬೂರು ಬರೀ ಎರಡು ಮೈಲಿ. ಸಂಜೆ ಹೊತ್ತು ಆಕೆ ಜಗಲಿಯಲ್ಲಿ ಕೂತು ಹೆಬ್ಬೂರಿನ ದಿಕ್ಕಿಗೆ ನೋಡುತ್ತಿದ್ದಳು. ಒಂದು ವಾರವಾಯಿತು, ತಿಂಗಳಾಯಿತು. ರಸ್ತೆಯಲ್ಲಿ ಲಾರಿಗಳು ಜಾಸ್ತಿ, ಕೆಂದಿ ಬುದ್ಧಿವಂತೆ, ಅದಕ್ಕೇ ಬರುತ್ತಿಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಇತ್ತ ಗಾರೆ ಕೆಲಸದ ಯಲ್ಲಯ್ಯ ಒಂದು ತಿಂಗಳಲ್ಲಿ ಮುಗಿಸಿಕೊಡುತ್ತೇನೆಂದು ಶುರು ಮಾಡಿದ್ದು ಐದು ತಿಂಗಳು ಹಿಡಿಯಿತು. ಹಳೆಯ ನೆಲ ಕಿತ್ತು ಗಟ್ಟಿ ಮಣ್ಣು ಸಿಗುವವರೆಗೂ ಅಗೆಯುತ್ತೇನೆಂದ. ಸೊಂಟದವರೆಗೆ ಅಗೆದರೂ ಗೊಬ್ಬರವೇ ಸಿಕ್ಕಿತು. ಗೋಡೆಗೆ ಸಿಮೆಂಟು ಮೆತ್ತಿ ಸುಣ್ಣ ಹೊಡೆದ. ಇಪ್ಪತ್ತೈದು ವರ್ಷ ಗಂಜಲ ಕುಡಿದ ಗೋಡೆ ಹದಿನೈದೇ ದಿನಕ್ಕೆ ಉಪ್ಪು ಕಾರಿಕೊಂಡು ಸುಣ್ಣವನ್ನೆಲ್ಲ ಉದುರಿಸಿತು. ಮತ್ತೆ ಹೊಡೆದ, ಮತ್ತೆ ಉದುರಿತು. ಮೂರನೇ ಸಲ ಗೋಡೆಯನ್ನೇ ಬೀಳಿಸಿ ಇಟ್ಟಿಗೆಯಲ್ಲಿ ಕಟ್ಟಿದ. ದನ ಕಟ್ಟುವ ಗೂಟಗಳನ್ನು ಕಿತ್ತು, ನೆಲಕ್ಕೆ ರೆಡ್ ಆಕ್ಸೈಡ್ ಹಾಕಿ, ಮುಖ ಕಾಣುವ ಹಾಗೆ ಉಜ್ಜಿ ಹೊಳಪು ಕೊಟ್ಟ. ಕಲ್ಲಿನ ಗೋದಲಿಯನ್ನು ಮಾತ್ರ ತ್ರಿವೇಣಿ ಕೀಳಿಸಲಿಲ್ಲ, ಅದರಲ್ಲಿ ಫರ್ನ್ ಗಿಡ ಬೆಳೆಸಿದಳು. ಆದರೂ ಮೋಡ ಕವಿದ ದಿನ ಎಲ್ಲಿಂದಲೋ ಸಣ್ಣಗೆ ದನದ ವಾಸನೆ ಬರುತ್ತಿತ್ತು. ತ್ರಿವೇಣಿ ಫಿನಾಯಿಲ್ ಹಾಕಿಸಿದಳು. ಆಮೇಲೆ ಫಿನಾಯಿಲ್ ಹಾಕಿದ ದನದ ವಾಸನೆ ಬರತೊಡಗಿತು.

ಸಿದ್ದಗಂಗಮ್ಮ ಇದನ್ನೆಲ್ಲ ಜಗಲಿಯಿಂದಲೇ ನೋಡಿದಳು. ಗಿರಾಕಿಗಳು ಆಕೆಯನ್ನು ಹುಡುಕಿಕೊಂಡು ಬಂದರೆ ಸೊಸೆಯ ಕಡೆ ಕೈ ತೋರಿಸುತ್ತಿದ್ದಳು. ಸೊಸೆಯ ಕೈಯಿಂದ ತೆಂಗಿನ ಸಸಿ ಒಯ್ಯಲು ಅವರಿಗೆ ಧೈರ್ಯವಿರಲಿಲ್ಲ. ಇನ್ನೊಮ್ಮೆ ಬರುತ್ತೇವೆ ಎಂದು ಹೋಗಿಬಿಡುತ್ತಿದ್ದರು. ಒಂದು ದಿನ ಬಚ್ಚಲು ಮನೆಯ ಆಚೆಯಿಂದ ತ್ರಿವೇಣಿ ಗಂಡನಿಗೆ ಹೇಳುತ್ತಿದ್ದದ್ದು ಆಕೆಯ ಕಿವಿಗೆ ಬಿತ್ತು.

“ಅತ್ತೆ ಒಳಗೆ ಬಂದು ಕೂರಲಿಲ್ಲ ಅಂದ್ರೆ ಅದು ಅಂಗಡಿ ಅಲ್ಲ ರೀ, ಕುಂಡ ಜೋಡಿಸಿಟ್ಟಿರೋ ರೂಮು.”

ಕೇಳಿ ಸಿದ್ದಗಂಗಮ್ಮನಿಗೆ ಖುಷಿಯಾಯಿತು. ಖುಷಿಯಾದದ್ದಕ್ಕೇ ಹಟ ಇನ್ನಷ್ಟು ಬಿಗಿಯಾಯಿತು. ಒಳಗೆ ಹೋಗಬೇಕು ಅನ್ನಿಸುತ್ತಿರಲಿಲ್ಲ ಎಂದಲ್ಲ. ಕೂತು ಕೂತು ಬೇಜಾರು ಹತ್ತಿ, ಮಾತಾಡಲು ಗಿರಾಕಿಗಳಿಲ್ಲದೆ ಕಾಗೆಯನ್ನು ಬೈಯುವ ಮಟ್ಟಕ್ಕೆ ಬಂದಿದ್ದಳು. ಆದರೆ ಹೋಗುವುದು ಹೇಗೆ? ಐದು ತಿಂಗಳು ಕೆಂದಿಯ ಹೆಸರಿನಲ್ಲಿ ಮುಖ ಊದಿಸಿಕೊಂಡವಳು ಯಾವ ಮುಖ ಇಟ್ಟುಕೊಂಡು ಹೋಗುವುದು?

ಯುಗಾದಿ ಕಳೆದ ಮೇಲೆ ಅಂಗಡಿ ಪ್ರವೇಶಕ್ಕೆ ದಿನ ನೋಡಿದರು. ಕುಣಿಗಲ್ಲಿನ ಪುರೋಹಿತರು ಅನಂತರಾಮಯ್ಯನವರು ಬಂದು ಸಾಮಾನಿನ ಪಟ್ಟಿ ಬರೆಸಿದರು. ಅರಿಶಿನ, ಕುಂಕುಮ, ಬಾಳೆಕಂದು, ಬೂದುಗುಂಬಳಕಾಯಿ ಎಲ್ಲ ಆದಮೇಲೆ, ಮೊದಲು ಒಳಗೆ ಹೋಗಲು ಹಸು ಕರು ಎಂದರು. ದಯಾನಂದ ಬರೆಯುವುದನ್ನು ನಿಲ್ಲಿಸಿದ. ಇಪ್ಪತ್ತೈದು ವರ್ಷ ದನ ಕಟ್ಟಿದ್ದ ಕೊಟ್ಟಿಗೆಯೊಳಗೆ ದನ ಹೊಗಿಸಬೇಕು, ಕೊಟ್ಟಿಗೆ ಮಾಡಿದ್ದ ಮನೆಯಲ್ಲಿ ಒಂದು ದನವೂ ಇಲ್ಲ. ಇಷ್ಟು ವರ್ಷ ದಿನಕ್ಕೆರಡು ಸಲ ಹೊಕ್ಕಿದ್ದು ಲೆಕ್ಕಕ್ಕೆ ಬರುವುದಿಲ್ಲವೇ ಎಂದು ಅಂಜಿನಪ್ಪ ವಿನಯದಿಂದ ಕೇಳಿದ. ಅನಂತರಾಮಯ್ಯನವರು ಸ್ವಲ್ಪ ಯೋಚಿಸಿ, ಅದು ಕೊಟ್ಟಿಗೆಗೆ ಹೊಕ್ಕಿದ್ದು, ಇದು ಅಂಗಡಿಗೆ ಹೊಗುವುದು, ಎರಡೂ ಬೇರೆ ಎಂದರು. ಪಕ್ಕದ ತೋಟದವರ ಸೀಮೆಹಸು ಕೇಳೋಣವೆಂದರೆ ಅದು ಹಾಯುತ್ತದೆ. ಅಷ್ಟರಲ್ಲಿ ಜಗಲಿಯಿಂದ ಸಿದ್ದಗಂಗಮ್ಮನ ದನಿ ಬಂತು.

“ಕೆಂದೀನೇ ಕರ್ಸಿ. ಕರು ಹಾಕಿದ್ಯಂತೆ.”

ಆ ದಿನ ಆಕೆ ಬೆಳಗ್ಗೆ ಬೇಗ ಎದ್ದು ತಲೆಗೆ ಎರೆದುಕೊಂಡು ಮದುವೆಗೆ ಉಡುವ ಸೀರೆ ಉಟ್ಟಳು. ಬೂಸಾಕ್ಕೆ ಬೆಲ್ಲ ಕಲಸಿ ಉಂಡೆ ಕಟ್ಟಿದಳು. ಮನಸ್ಸಿನಲ್ಲಿ ಎಲ್ಲ ತೀರ್ಮಾನವಾಗಿತ್ತು. ಕೆಂದಿ ತನ್ನನ್ನು ನೋಡಿ ಅಂಬಾ ಎನ್ನುತ್ತದೆ. ಒಳಗೆ ಹೋಗಿ ತನ್ನ ಜಾಗದಲ್ಲಿ ನಿಲ್ಲುತ್ತದೆ. ಹಗ್ಗ ಹಿಡಿದು ಎಳೆದರೂ ಹೊರಡುವುದಿಲ್ಲ. ಆಮೇಲೆ ನಡೆಯುವುದನ್ನು ಈ ಜನ ನೋಡಿಕೊಳ್ಳಲಿ.

ರೇವಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಹಸು ಕರು ಹೊಡೆದುಕೊಂಡು ಬಂದಳು. ಕೆಂದಿ ಮೈ ತುಂಬಿಕೊಂಡಿತ್ತು. ಅರಿಶಿನ ಕುಂಕುಮ ಇಟ್ಟು ಹಾರ ಹಾಕಿದರು. ಸಿದ್ದಗಂಗಮ್ಮ ಬಾಗಿಲ ಪಕ್ಕ ನಿಂತು, ಹಾಲು ಕರೆಯುವಾಗ ಕೂಗುತ್ತಿದ್ದ ಹಾಗೆ ಮೆಲ್ಲಗೆ ಕೂಗಿದಳು. ಕೆಂದಿ ಕಿವಿ ಅಲ್ಲಾಡಿಸಿ, ಬಾಗಿಲಿಗೆ ಕಟ್ಟಿದ್ದ ಬಾಳೆಕಂದಿನ ಎಲೆಗೆ ಬಾಯಿ ಹಾಕಿತು. ಆಕೆ ಇನ್ನೊಮ್ಮೆ ಕೂಗಿದಳು. ಅದು ಎರಡನೇ ಎಲೆ ಎಳೆದುಕೊಂಡಿತು. ರೇವಮ್ಮ ಹಗ್ಗ ಜಗ್ಗಿದಳು, ಹಸು ಆಕೆಯ ಹಿಂದೆ ಒಳಗೆ ಹೋಯಿತು. ಹೊಳೆಯುವ ನೆಲದ ಮೇಲೆ ಗೊರಸು ಜಾರಿ ನಿಂತು, ಬಾಲ ಎತ್ತಿ ಸಗಣಿ ಹಾಕಿತು. ಲಕ್ಷ್ಮಿ ಬಂದಳು ಎಂದು ಅನಂತರಾಮಯ್ಯನವರಿಗೆ ಸಂತೋಷವಾಯಿತು. ಗೋದಲಿಯ ಕಡೆ ಅದು ತಿರುಗಿಯೂ ನೋಡಲಿಲ್ಲ. ಒಂದು ಸುತ್ತು ಬಂದು, ರೇವಮ್ಮನ ಅಂಗೈ ನೆಕ್ಕುತ್ತಾ ಹೊರಗೆ ಬಂತು.

ಸೇರಿದವರೆಲ್ಲ ಹಸು ಹಳೆಯ ಯಜಮಾನ್ತಿಯ ಗುರುತು ಹಿಡಿಯಿತು ಎಂದು ಮಾತಾಡಿಕೊಂಡರು. ಕಿವಿ ಅಲ್ಲಾಡಿಸಿತಲ್ಲ ಎಂದು ಅಂಜಿನಪ್ಪ ಸಾಕ್ಷಿ ಹೇಳಿದ. ಎಲ್ಲರೂ ತನ್ನ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾರೆಂದು ಸಿದ್ದಗಂಗಮ್ಮನಿಗೆ ಗೊತ್ತಾಯಿತು. ಉಂಡೆಯನ್ನು ಕೆಂದಿಯ ಬಾಯಿಗೆ ಹಿಡಿದಳು. ಅದು ಯಾರ ಕೈಯಿಂದಲಾದರೂ ತಿನ್ನುವ ಹಾಗೆ ತಿಂದಿತು. ಆಕೆಗೆ ಸಂತೋಷವಾಗಲೆಂದೇ ರೇವಮ್ಮ ಹೇಳಿದಳು.

“ಬಂದ ದಿನದಿಂದ ಒಂದೊತ್ತೂ ಮೇವು ಬಿಟ್ಟಿಲ್ಲ ಕಣಕ್ಕ. ನಮ್ಮಟ್ಟೀಲೇ ಹುಟ್ಟಿದ್ದೇನೋ ಅನ್ನಂಗೆ ಐತೆ.”

ಸಿದ್ದಗಂಗಮ್ಮನಿಗೆ ಹೊಟ್ಟೆ ಉರಿಯಿತು. ಸಂಜೆ ಸಂಜೆ ರಸ್ತೆ ನೋಡಿದ್ದು ನೆನೆದು ನಾಚಿಕೆಯಾಯಿತು. ಹಸು ಕರು ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ನೋಡಿದಳು. ಅದು ಒಂದು ಸಲವೂ ಹಿಂತಿರುಗಲಿಲ್ಲ. ಆಗ ಆಕೆಗೆ, ಈ ಹಸುವೇ ತನಗಿಂತ ವಾಸಿ ಅನ್ನಿಸಿತು. ಹೊಸ ಹಟ್ಟಿಯಲ್ಲಿ ಹುಲ್ಲು ಹಾಕಿದರು, ತಿಂದಿತು. ಹಾಕಿದವರನ್ನು ಐದು ತಿಂಗಳು ಗೋಳಾಡಿಸಲಿಲ್ಲ.

ಜನ ಹಿತ್ತಲಲ್ಲಿ ಊಟಕ್ಕೆ ಕೂತರು. ಅಂಗಡಿಯೊಳಗೆ ತ್ರಿವೇಣಿ ಒಬ್ಬಳೇ ಸಗಣಿಯ ಮುಂದೆ ಪೊರಕೆ ಹಿಡಿದು ನಿಂತಿದ್ದಳು. ಪೊರಕೆಯಲ್ಲಿ ಸಗಣಿ ಗುಡಿಸಲು ಹೊರಟವರನ್ನು ಕಂಡು ಸುಮ್ಮನಿರುವುದು ಸಿದ್ದಗಂಗಮ್ಮನ ಜಾತಕದಲ್ಲಿ ಬರೆದಿರಲಿಲ್ಲ. ದಡದಡ ಬಂದು, ಸೊಸೆಯನ್ನು ಆಚೆ ಸರಿಸಿ, ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ಬಾಚಿ ಬುಟ್ಟಿಗೆ ಹಾಕಿದಳು. ಹಾಕಿದ ಮೇಲೆ ತಾನು ಎಲ್ಲಿ ಕೂತಿದ್ದೇನೆಂದು ತಿಳಿಯಿತು. ಏಳಲು ನೋಡಿದಳು, ಆಗಲಿಲ್ಲ. ಹಿಡಿದುಕೊಳ್ಳಲು ಅಲ್ಲಿ ಗೂಟ ಇರಲಿಲ್ಲ, ಮುಟ್ಟಿ ನೋಡುತ್ತಾ ಹೊತ್ತು ಕಳೆಯಲು ಕೆಚ್ಚಲೂ ಇರಲಿಲ್ಲ. ತ್ರಿವೇಣಿ ನೋಡುತ್ತಲೇ ನಿಂತಿದ್ದಳು.

“ನೋಡ್ಕೊಂಡು ನಿಂತಿದೀಯಲ್ಲ, ಕೈ ಕೊಡು” ಎಂದಳು ಸಿದ್ದಗಂಗಮ್ಮ. ಆಮೇಲೆ ಗೋಡೆಯ ಕಡೆ ನೋಡುತ್ತಾ, “ಮಂಡಿ ಹೋಗಿ ಎರಡು ವರ್ಷ ಆಯ್ತು ಕಣೇ. ಕೆಂದಿ ಇದ್ದಿದ್ರೂ ಕರೆಯಕ್ಕೆ ಆಗ್ತಿರ್ಲಿಲ್ಲ. ನೀವೇನೂ ತಪ್ಪು ಮಾಡಿಲ್ಲ” ಎಂದಳು.

ತ್ರಿವೇಣಿ ತಾನು ಉಟ್ಟಿದ್ದ ಮದುವೆಯ ರೇಷ್ಮೆ ಸೀರೆಯನ್ನು ನೋಡಿಕೊಳ್ಳದೆ ಆ ಸಗಣಿ ಕೈಗಳೆರಡನ್ನೂ ಹಿಡಿದು ಎತ್ತಿ ನಿಲ್ಲಿಸಿದಳು. ಆಗ ಗುಬ್ಬಿ ಕಡೆಯ ಒಬ್ಬ ರೈತ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಇಣುಕಿ, ತೆಂಗಿನ ಸಸಿ ಬೇಕಿತ್ತು, ಅಮ್ಮ ಮನೆಯ ಹತ್ತಿರ ಇದ್ದಾರಾ ಎಂದು ಕೇಳಿದ.

“ಅಲ್ಯಾಕೆ ಇರ್ತೀನಿ, ಇಲ್ಲೇ ಇದೀನಿ. ಒಳಕ್ ಬಾ” ಎಂದಳು ಸಿದ್ದಗಂಗಮ್ಮ.